ಪಾಸ್ ಕೊಳ್ಳಲೋ, ಬಿಡಲೋ?

ವಿಮಾನದ ಟಿಕೆಟ್ ಆಯಿತು, ಹೋಟೆಲ್ ಆಯಿತು. ಆಮೇಲೆ ಎಲ್ಲರಿಗೂ ಹುಟ್ಟುವ ಪ್ರಶ್ನೆ ಒಂದೇ: ಒಂದೇ ಪಾಸಿನಲ್ಲಿ ಹತ್ತಾರು ಜಾಗ ನೋಡಬಹುದಂತೆ, ಕೊಳ್ಳೋಣವೇ? ಈ ಸಲ ಆ ಬಗೆಯ ಓದುಗರ ಪತ್ರಗಳನ್ನೇ ಒಟ್ಟಿಗೆ ಎತ್ತಿಕೊಂಡಿದ್ದೇವೆ. ದರ ಹೇಳಿದ ಕಡೆ ಸಾಧ್ಯವಾದಷ್ಟೂ ವರ್ಷವನ್ನೂ ಹೇಳಿದ್ದೇವೆ. ಹೊರಡುವ ಮುಂಚೆ ಆಯಾ ಸಂಸ್ಥೆಯ ವೆಬ್‌ಸೈಟಿನಲ್ಲಿ ಹೊಸ ದರ ನೋಡಿಕೊಂಡು ಇದೇ ಲೆಕ್ಕವನ್ನು ಮತ್ತೊಮ್ಮೆ ಹಾಕಿ.

ನಾವು ದಂಪತಿ, ಜೊತೆಗೆ 15 ಮತ್ತು 11 ವರ್ಷದ ಇಬ್ಬರು ಮಕ್ಕಳು. ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಐದು ದಿನ ಇರುತ್ತೇವೆ. ಟ್ರಾವೆಲ್ ಏಜೆಂಟರು ನಾಲ್ಕು ಜನಕ್ಕೂ ನಾಲ್ಕು ದಿನದ ಮ್ಯೂಸಿಯಂ ಪಾಸ್ ಮಾಡಿಸಿ ಎನ್ನುತ್ತಿದ್ದಾರೆ. ಬೇಕೇ?
— ಬಸವನಗುಡಿ, ಬೆಂಗಳೂರು

ಮಕ್ಕಳಿಗೆ ಖಂಡಿತ ಬೇಡ. ಲೂವ್ರ್ ಮತ್ತು ಓರ್ಸೇ ಮ್ಯೂಸಿಯಂಗಳು, ವರ್ಸೇಲ್ಸ್ ಅರಮನೆ, ಆರ್ಕ್ ದ ಟ್ರಿಯೋಂಫ್, ಸೇಂಟ್ ಶಾಪೆಲ್ ಇವೆಲ್ಲ ಕಡೆ 18 ವರ್ಷದೊಳಗಿನವರಿಗೆ ಪ್ರವೇಶ ಉಚಿತ, ಯಾವ ದೇಶದವರಾದರೂ ಸರಿ. ವಯಸ್ಸು ತೋರಿಸಲು ಪಾಸ್‌ಪೋರ್ಟ್ ಜೊತೆಗಿರಲಿ. ಇಲ್ಲಿ ಜನ ಎಡವುವುದು ಬೇರೆಯೇ ಕಡೆ. ಉಚಿತ ಎಂದ ಮಾತ್ರಕ್ಕೆ ಮಕ್ಕಳನ್ನು ಹಾಗೇ ಕರೆದುಕೊಂಡು ಹೋಗುವಂತಿಲ್ಲ. ಲೂವ್ರ್‌ನಲ್ಲಿ ಅವರಿಗೂ ಶೂನ್ಯ ಯೂರೋ ಟಿಕೆಟ್ ತೆಗೆದು, ನಿಮ್ಮದೇ ಸಮಯಕ್ಕೆ ಕಾಯ್ದಿರಿಸಬೇಕು. ಅಪ್ಪ ಅಮ್ಮನಿಗೆ 10 ಗಂಟೆಯ ಸ್ಲಾಟ್, ಮಕ್ಕಳಿಗೆ ಸ್ಲಾಟೇ ಇಲ್ಲ ಅನ್ನುವ ಹಾಗಾಗಬಾರದು.

ಇನ್ನು ನಿಮ್ಮಿಬ್ಬರದು. ಪ್ಯಾರಿಸ್ ಮ್ಯೂಸಿಯಂ ಪಾಸ್ 48, 96 ಮತ್ತು 144 ಗಂಟೆಗಳ ಲೆಕ್ಕದಲ್ಲಿ ಸಿಗುತ್ತದೆ. 2024ರಲ್ಲಿ ಇವುಗಳ ಬೆಲೆ ಕ್ರಮವಾಗಿ 62, 77, 92 ಯೂರೋ ಇತ್ತು. ಅದೇ ವರ್ಷ ಲೂವ್ರ್ ಟಿಕೆಟ್ 22, ವರ್ಸೇಲ್ಸ್ ಅರಮನೆ 21, ಓರ್ಸೇ 16, ಆರ್ಕ್ ದ ಟ್ರಿಯೋಂಫ್ 16, ಸೇಂಟ್ ಶಾಪೆಲ್ 13. ಐದನ್ನೂ ನೋಡಿದರೆ ಬಿಡಿ ಟಿಕೆಟ್‌ಗೆ 88 ಯೂರೋ. 96 ಗಂಟೆಯ ಪಾಸಿನಲ್ಲಿ 11 ಯೂರೋ ಉಳಿತಾಯ. ಆದರೆ ಕಾಲು ನೋವು ಅಂತ ಕೊನೆಯ ಎರಡನ್ನು ಬಿಟ್ಟಿರೋ, ಬಿಡಿ ಟಿಕೆಟ್ ಬರೀ 59. ಪಾಸ್ ಕೊಂಡವರಿಗೆ 18 ಯೂರೋ ನಷ್ಟ. ಅಂದರೆ ಲಾಭ ನಷ್ಟದ ಗೆರೆ ನಾಲ್ಕನೆಯ ಮತ್ತು ಐದನೆಯ ಜಾಗದ ನಡುವೆ ಎಲ್ಲೋ ಇದೆ. ಮೂರು ಜಾಗ ನೋಡುವವರಿಗೆ ಪಾಸ್ ಬೇಡ, ಆರು ನೋಡುವವರಿಗೆ ಬೇಕು.

2026ರ ಜನವರಿಯಿಂದ ಈ ಲೆಕ್ಕಕ್ಕೆ ಒಂದು ತಿರುವು ಬಂದಿದೆ. ಯುರೋಪಿನ ಆರ್ಥಿಕ ವಲಯದ ಹೊರಗಿನವರಿಗೆ ಲೂವ್ರ್ ಟಿಕೆಟ್ 32 ಯೂರೋ ಆಗಿದೆ. ನಮ್ಮವರು ಆ ಗುಂಪಿಗೇ ಸೇರಿದವರು. ಪಾಸಿನ ದರವೂ 2024ರ ಮಟ್ಟದಲ್ಲಿ ಉಳಿದಿಲ್ಲ. ಆದ್ದರಿಂದ ಮೇಲಿನ ಅಂಕಿಗಳನ್ನು ಮಾದರಿಯಾಗಿ ಇಟ್ಟುಕೊಂಡು ನಿಮ್ಮ ಪ್ರಯಾಣದ ತಿಂಗಳ ದರ ತುಂಬಿಸಿ.

ಲೆಕ್ಕದಲ್ಲಿ ಏನನ್ನು ಸೇರಿಸಬಾರದು ಅನ್ನುವುದೂ ಮುಖ್ಯ. ಐಫೆಲ್ ಗೋಪುರ ಈ ಪಾಸಿನಲ್ಲಿ ಇಲ್ಲ. ಅದರ ಲಿಫ್ಟ್ ಟಿಕೆಟ್ 60 ದಿನ ಮುಂಚೆ ಬಿಡುಗಡೆಯಾಗುತ್ತದೆ, ಮೇ ತಿಂಗಳಿನ ಸಂಜೆಯ ಸಮಯಗಳು ಬೇಗ ಮುಗಿಯುತ್ತವೆ. ನೆಲಮಾಳಿಗೆಯ ಕ್ಯಾಟಕೋಂಬ್ಸ್ ಇಲ್ಲ. ಮೆಟ್ರೋ, ಬಸ್ ಇಲ್ಲ. 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದ ನೋತ್ರ್ ದಾಮ್ ಚರ್ಚಿನೊಳಗೆ ಹೋಗಲು ಯಾರಿಗೂ ದುಡ್ಡಿಲ್ಲ. ಅದನ್ನು 'ಪಾಸಿನ ಲಾಭ'ಕ್ಕೆ ಸೇರಿಸಿ ಯಾರಾದರೂ ಹೇಳಿದರೆ ನಂಬಬೇಡಿ. ವರ್ಸೇಲ್ಸ್‌ನಲ್ಲಿ ಕಾರಂಜಿ ಪ್ರದರ್ಶನದ ದಿನಗಳಲ್ಲಿ ತೋಟಕ್ಕೆ ಬೇರೆ ಟಿಕೆಟ್, ಪಾಸಿದ್ದವರಿಗೂ ಸಹ.

ಗಡಿಯಾರದ ವಿಷಯ. ಮೊದಲ ಗೇಟಿನಲ್ಲಿ ಸ್ಕ್ಯಾನ್ ಆದ ಕ್ಷಣದಿಂದ ಪಾಸಿನ ಗಂಟೆಗಳು ಓಡತೊಡಗುತ್ತವೆ. ಬುಧವಾರ ಮಧ್ಯಾಹ್ನ 2ಕ್ಕೆ ಶುರುವಾದ 96 ಗಂಟೆ ಭಾನುವಾರ ಮಧ್ಯಾಹ್ನ 2ರ ತನಕ ಬರುತ್ತದೆ, ಅಂದರೆ ಕ್ಯಾಲೆಂಡರಿನಲ್ಲಿ ಐದು ದಿನ. ಬೆಳಿಗ್ಗೆ 9ಕ್ಕೆ ಶುರು ಮಾಡುವುದಕ್ಕಿಂತ ಮಧ್ಯಾಹ್ನ ಶುರು ಮಾಡಿದರೆ ಕೊನೆಯ ದಿನದ ಬೆಳಿಗ್ಗೆಯೊಂದು ಕೈಗೆ ಸಿಗುತ್ತದೆ. ಇಳಿದ ದಿನ ನಿದ್ದೆಗಣ್ಣಿನಲ್ಲಿ ಸ್ಕ್ಯಾನ್ ಮಾಡಿಸಬೇಡಿ. ಆ ದಿನ ಐಫೆಲ್ ಸುತ್ತ, ಸೇನ್ ನದಿಯ ದಡ, ನೋತ್ರ್ ದಾಮ್ ಇಟ್ಟುಕೊಳ್ಳಿ. ಪ್ರತಿ ಜಾಗಕ್ಕೂ ಪ್ರವೇಶ ಒಮ್ಮೆ ಮಾತ್ರ. ಊಟಕ್ಕೆಂದು ಲೂವ್ರ್‌ನಿಂದ ಹೊರಬಂದರೆ ಮತ್ತೆ ಒಳಗೆ ಬಿಡುವುದಿಲ್ಲ.

ವಾರದ ರಜೆಗಳನ್ನು ಗೋಡೆಗೆ ಅಂಟಿಸಿಕೊಳ್ಳಿ: ಲೂವ್ರ್ ಮತ್ತು ಒರಾಂಜರಿ ಮ್ಯೂಸಿಯಂ ಮಂಗಳವಾರ ಮುಚ್ಚಿರುತ್ತವೆ, ಓರ್ಸೇ ಮತ್ತು ವರ್ಸೇಲ್ಸ್ ಸೋಮವಾರ. 48 ಗಂಟೆಯ ಪಾಸನ್ನು ಸೋಮವಾರ ಬೆಳಿಗ್ಗೆ ಶುರು ಮಾಡಿದವರು ಎರಡೂ ದಿನ ಅರ್ಧರ್ಧ ಊರು ನೋಡುತ್ತಾರೆ. ಬುಧವಾರ ಮತ್ತು ಶುಕ್ರವಾರ ಲೂವ್ರ್ ರಾತ್ರಿ 9ರವರೆಗೆ, ಗುರುವಾರ ಓರ್ಸೇ 9:45ರವರೆಗೆ ತೆರೆದಿರುತ್ತವೆ. ಬುಧವಾರ ಸಂಜೆ ಲೂವ್ರ್, ಗುರುವಾರ ಹಗಲು ವರ್ಸೇಲ್ಸ್, ಅದೇ ದಿನ ಸಂಜೆ ಶಕ್ತಿ ಉಳಿದಿದ್ದರೆ ಓರ್ಸೇ. ಹೀಗೆ ಜೋಡಿಸಿದವರಿಗೆ ಮಾತ್ರ ಪಾಸ್ ದುಡಿಯುತ್ತದೆ.

ಕೊಳ್ಳುವ ಕ್ರಮವೂ ಉಲ್ಟಾ ಆಗಬಾರದು. ಮೊದಲು ಲೂವ್ರ್, ವರ್ಸೇಲ್ಸ್, ಸೇಂಟ್ ಶಾಪೆಲ್ ವೆಬ್‌ಸೈಟುಗಳಿಗೆ ಹೋಗಿ ಪಾಸ್ ಇರುವವರಿಗೆಂದೇ ಇಟ್ಟಿರುವ ಸ್ಲಾಟ್‌ಗಳು ನಿಮ್ಮ ದಿನಗಳಲ್ಲಿ ಉಳಿದಿವೆಯೇ ನೋಡಿ. ಇದ್ದರೆ ಆಮೇಲೆ ಪಾಸ್ ಕೊಳ್ಳಿ, ತಕ್ಷಣ ಸ್ಲಾಟ್ ಹಿಡಿಯಿರಿ. ಪಾಸ್ ಕೊಂಡು ಹದಿನೈದು ದಿನ ಬಿಟ್ಟು ಸ್ಲಾಟ್ ಹುಡುಕಿದರೆ ಲೂವ್ರ್ ತುಂಬಿರುವುದು ಸಾಮಾನ್ಯ, ಆಗ ಕೈಯಲ್ಲಿರುವ ಪಾಸಿನ ದೊಡ್ಡ ಹೋಳೇ ಹೋದಂತೆ.

ಓಡಾಟಕ್ಕೆ ಪ್ರವಾಸಿಗರ ಪಾಸ್ ಬೇಡ. 2025ರಲ್ಲಿ ಮೆಟ್ರೋ ಮತ್ತು ಉಪನಗರ ರೈಲಿಗೆ, ವರ್ಸೇಲ್ಸ್ ತನಕವೂ, ಒಂದು ಪ್ರಯಾಣಕ್ಕೆ 2.50 ಯೂರೋ, ವಿಮಾನ ನಿಲ್ದಾಣಕ್ಕೆ 13. ನೀವು ಸೋಮವಾರವೋ ಮಂಗಳವಾರವೋ ಇಳಿಯುವುದಾದರೆ ಊರಿನವರೇ ಬಳಸುವ ನಾವಿಗೋ ವಾರದ ಪಾಸ್ ನೋಡಿ. ಅದೇ ವರ್ಷ ಅದರ ದರ 31.60, ಕಾರ್ಡಿಗೆ ಒಂದು ಸಲ 5 ಯೂರೋ. ವಿಮಾನ ನಿಲ್ದಾಣಕ್ಕೆ ಹೋಗಿ ಬರುವ 26 ಯೂರೋ ಅದರಲ್ಲೇ ಬರುವುದರಿಂದ ಉಳಿದ ಐದು ದಿನದ ಓಡಾಟ ಹೆಚ್ಚೂಕಡಿಮೆ ಹತ್ತು ಯೂರೋಗೆ ಮುಗಿಯುತ್ತದೆ. ಒಂದೇ ತೊಡಕು: ಈ ವಾರ ಸೋಮವಾರದಿಂದ ಭಾನುವಾರದ ತನಕ, ನೀವು ಕೊಂಡ ದಿನದಿಂದ ಏಳು ದಿನ ಅಲ್ಲ. ಶುಕ್ರವಾರ ಇಳಿದವರಿಗೆ ಇದು ದಂಡ. ಕಾರ್ಡಿಗೆ ಅಂಟಿಸಲು ಒಂದು ಚಿಕ್ಕ ಫೋಟೋ ಬೇಕು, ವೀಸಾಕ್ಕೆ ತೆಗೆಸಿದ್ದರಲ್ಲಿ ಉಳಿದದ್ದನ್ನು ಕತ್ತರಿಸಿ ಇಟ್ಟುಕೊಳ್ಳಿ.

'ಸ್ಕಿಪ್ ದ ಲೈನ್' ಎಂದು ಎಲ್ಲ ಪಾಸಿನ ಮೇಲೂ ಬರೆದಿರುತ್ತದೆ. ನಿಜಕ್ಕೂ ಸಾಲು ತಪ್ಪುತ್ತದೆಯೇ?
— ಮೈಸೂರು

ಒಂದು ಸಾಲು ತಪ್ಪುತ್ತದೆ, ಎಲ್ಲವೂ ಅಲ್ಲ. ದೊಡ್ಡ ಜಾಗಗಳಲ್ಲಿ ಮೂರು ಸಾಲುಗಳಿರುತ್ತವೆ: ಟಿಕೆಟ್ ಕೊಳ್ಳುವ ಸಾಲು, ಬ್ಯಾಗ್ ತಪಾಸಣೆಯ ಸಾಲು, ನಿಮ್ಮ ಸಮಯಕ್ಕೆ ಒಳಬಿಡುವ ಸಾಲು. ಪಾಸಿನಿಂದ ತಪ್ಪುವುದು ಮೊದಲನೆಯದು ಮಾತ್ರ. ಅದು ಆನ್‌ಲೈನ್‌ನಲ್ಲಿ ಬಿಡಿ ಟಿಕೆಟ್ ತೆಗೆದವರಿಗೂ ತಪ್ಪುತ್ತದೆ. ಹಾಗಾಗಿ ಸಾಲು ತಪ್ಪಿಸಲೆಂದೇ ಪಾಸ್ ಕೊಳ್ಳುವುದರಲ್ಲಿ ಹುರುಳಿಲ್ಲ. ತಿರುಪತಿಯಲ್ಲಿ 300 ರೂಪಾಯಿಯ ವಿಶೇಷ ಪ್ರವೇಶ ದರ್ಶನದ ಟಿಕೆಟ್ ಇದ್ದವರೂ ತಮ್ಮ ಸಮಯಕ್ಕೆ ಬಂದು, ತಪಾಸಣೆ ದಾಟಿ, ಸಾಲಿನಲ್ಲೇ ಸಾಗುತ್ತಾರಲ್ಲ, ಇದೂ ಹಾಗೇ.

ತಪಾಸಣೆಯಲ್ಲಿ ಹೊತ್ತು ಹೋಗುವುದು ನಮ್ಮ ಬ್ಯಾಗುಗಳಿಂದಲೇ. ಪ್ಯಾರಿಸ್‌ನ ಸೇಂಟ್ ಶಾಪೆಲ್ ನ್ಯಾಯಾಲಯದ ಆವರಣದಲ್ಲಿರುವುದರಿಂದ ಅಲ್ಲಿ ವಿಮಾನ ನಿಲ್ದಾಣದಂಥ ತಪಾಸಣೆ. ಚಾಕು, ಕತ್ತರಿ, ಗಾಜಿನ ಬಾಟಲಿ ಬಿಡುವುದಿಲ್ಲ. ಹಣ್ಣು ಹೆಚ್ಚಲು ಇಟ್ಟುಕೊಂಡ ಚಾಕು, ಗಾಜಿನ ಸೀಸೆಯ ಉಪ್ಪಿನಕಾಯಿ ಹೋಟೆಲಿನಲ್ಲೇ ಇರಲಿ. ದೊಡ್ಡ ಸೂಟ್‌ಕೇಸನ್ನು ಹೆಚ್ಚಿನ ಮ್ಯೂಸಿಯಂಗಳು ಒಳಗಿಡುವುದಿಲ್ಲ, ಹೋಟೆಲ್ ಖಾಲಿ ಮಾಡಿದ ದಿನ ಮ್ಯೂಸಿಯಂ ಇಟ್ಟುಕೊಳ್ಳಬೇಡಿ.

ಮಗ ಲಂಡನ್ನಿನಲ್ಲಿ ಕೆಲಸದಲ್ಲಿದ್ದಾನೆ. ನಾವಿಬ್ಬರೂ (66 ಮತ್ತು 61) ಮೂರು ವಾರ ಅವನ ಮನೆಯಲ್ಲಿ ಇರುತ್ತೇವೆ. ಐದು ದಿನದ ಲಂಡನ್ ಪಾಸ್ ತೆಗೆದುಕೊಡುತ್ತೇನೆ ಅನ್ನುತ್ತಾನೆ. ದುಡ್ಡು ದಂಡ ಅನ್ನಿಸುತ್ತಿದೆ.
— ಶಿವಮೊಗ್ಗ

ನಿಮ್ಮ ಅನಿಸಿಕೆ ಸರಿ. ಮೂರು ವಾರ ಕೈಯಲ್ಲಿರುವಾಗ ಐದೇ ದಿನದಲ್ಲಿ ಎಲ್ಲ ನೋಡಿ ಮುಗಿಸುವ ಅವಸರ ಯಾಕೆ? ದಿನಗಳ ಲೆಕ್ಕದ ಪಾಸ್ ಊಟದ ಹೋಟೆಲಿನ ಅನ್‌ಲಿಮಿಟೆಡ್ ಥಾಳಿ ಇದ್ದ ಹಾಗೆ, ಹಸಿವಿದ್ದವರಿಗೆ ಲಾಭ. ಪಾಸ್ ಮಾರುವವರು ಎಲ್ಲಕ್ಕಿಂತ ದುಬಾರಿ ಜಾಗಗಳನ್ನು ಕೂಡಿಸಿ ಇಷ್ಟು ಉಳಿಯುತ್ತದೆ ಎಂದು ತೋರಿಸುತ್ತಾರೆ. ಲಂಡನ್ ಗೋಪುರಕ್ಕೆ (ಟವರ್ ಆಫ್ ಲಂಡನ್) ಬಿಡಿ ಟಿಕೆಟ್ 30 ಪೌಂಡ್ ದಾಟಿದೆ ನಿಜ, ಆದರೆ ಅದೊಂದಕ್ಕೇ ಮೂರು ಗಂಟೆ ಬೇಕು. ವೆಸ್ಟ್‌ಮಿನ್‌ಸ್ಟರ್ ಅಬಿಗೆ ಎರಡು. ನಡುವೆ ರೈಲು, ಊಟ, ಒಂದಿಷ್ಟು ಕೂರುವುದು. ದಿನಕ್ಕೆ ಎರಡು ದೊಡ್ಡ ಜಾಗ ಅಂದರೆ ನಿಮ್ಮ ವಯಸ್ಸಿನಲ್ಲಿ ಅದೇ ಹೆಚ್ಚು. ಇನ್ನೊಂದು, 65 ದಾಟಿದವರಿಗೆ ಟವರ್ ಸೇರಿ ಹಲವು ಕಡೆ ಬಿಡಿ ಟಿಕೆಟ್‌ನಲ್ಲಿ ಹಿರಿಯರ ರಿಯಾಯಿತಿ ಇದೆ. ನಿಮ್ಮಲ್ಲಿ 66 ವರ್ಷದವರಿಗೆ ಅದು ಸಿಗುತ್ತದೆ, ಪಾಸ್ ಕೊಂಡರೆ ಕೈತಪ್ಪುತ್ತದೆ.

ಲಂಡನ್ನಿನ ನಿಜವಾದ ಉಳಿತಾಯ ಬೇರೆ ಕಡೆ ಇದೆ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಸೈನ್ಸ್ ಮ್ಯೂಸಿಯಂ, ವಿಕ್ಟೋರಿಯಾ ಅಂಡ್ ಆಲ್ಬರ್ಟ್, ಟೇಟ್ ಮಾಡರ್ನ್ ಇವುಗಳ ಕಾಯಂ ಸಂಗ್ರಹ ನೋಡಲು ಒಂದು ಪೈಸೆಯೂ ಬೇಡ. ಇವನ್ನೇ ನಿಧಾನವಾಗಿ ನೋಡಿದರೆ ಒಂದು ವಾರ ಸಾಲದು. ವೆಸ್ಟ್‌ಮಿನ್‌ಸ್ಟರ್ ಅಬಿಯೊಳಗೆ ಸಂಜೆಯ ಪ್ರಾರ್ಥನೆ, ಈವನ್‌ಸಾಂಗ್, ಎಲ್ಲರಿಗೂ ಉಚಿತ. ಸಮಾಧಿಗಳ ನಡುವೆ ಸುತ್ತಾಡಲು ಬಿಡುವುದಿಲ್ಲ, ಕೂತು ಕೇಳಬಹುದು. ಭಾನುವಾರ ಅಲ್ಲಿ ಪ್ರವಾಸಿಗರಿಗೆ ಪ್ರವೇಶವಿಲ್ಲ. ವಿಂಡ್ಸರ್ ಕೋಟೆ ಮಂಗಳವಾರ, ಬುಧವಾರ ಮುಚ್ಚಿರುತ್ತದೆ.

ಥೇಮ್ಸ್ ದಡದಲ್ಲಿ, ಪಾರ್ಲಿಮೆಂಟಿನ ಆಚೆ ದಡದ ಲ್ಯಾಂಬೆತ್ ಕಡೆಗೆ ನಡೆಯುತ್ತ ಹೋದರೆ ಬಸವಣ್ಣನವರ ಪ್ರತಿಮೆ ಸಿಗುತ್ತದೆ. 2015ರ ನವೆಂಬರ್ 14ರಂದು ಅನಾವರಣಗೊಂಡದ್ದು. ಯಾವ ಪಾಸಿನ ಪಟ್ಟಿಯಲ್ಲೂ ಇಲ್ಲ, ಶಿವಮೊಗ್ಗದಿಂದ ಹೋದವರು ನೋಡದೆ ಬರಬಾರದು.

ಓಡಾಟಕ್ಕೆ ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡ್ ಅಥವಾ ಆಯ್‌ಸ್ಟರ್ (ಲಂಡನ್ ಸಾರಿಗೆಯ ರೀಚಾರ್ಜ್ ಕಾರ್ಡ್) ಸಾಕು. ದಿನಕ್ಕೆ ಇಂತಿಷ್ಟಕ್ಕಿಂತ ಹೆಚ್ಚು ಕಡಿತವಾಗುವುದಿಲ್ಲ. 1 ಮತ್ತು 2ನೇ ವಲಯಕ್ಕೆ 2025ರಲ್ಲಿ ಆ ಮಿತಿ 8.90 ಪೌಂಡ್. ಬಸ್ಸಿಗೆ ಅದೇ ವರ್ಷ 1.75, ಒಂದು ಗಂಟೆಯೊಳಗೆ ಎಷ್ಟು ಬಸ್ ಹತ್ತಿ ಇಳಿದರೂ ಅಷ್ಟೇ. ಗಂಡ ಹೆಂಡತಿ ಒಂದೇ ಕಾರ್ಡ್ ತೋರಿಸುವಂತಿಲ್ಲ, ಇಬ್ಬರಿಗೂ ಬೇರೆ ಬೇರೆ ಬೇಕು. ಬೆಳಿಗ್ಗೆ ಫೋನಿನಲ್ಲಿ, ಸಂಜೆ ಕಾರ್ಡಿನಲ್ಲಿ ಮುಟ್ಟಿಸಿದರೆ ಯಂತ್ರಕ್ಕೆ ಅದು ಇಬ್ಬರು ಪ್ರಯಾಣಿಕರು, ಮಿತಿಯ ಲಾಭ ಸಿಗುವುದಿಲ್ಲ. ರೈಲಿನಲ್ಲಿ ಹತ್ತುವಾಗ, ಇಳಿಯುವಾಗ ಎರಡೂ ಸಲ ಮುಟ್ಟಿಸಬೇಕು. ಬಸ್ಸಿನಲ್ಲಿ ಹತ್ತುವಾಗ ಮಾತ್ರ. ಇಳಿಯುವಾಗ ಮರೆತರೆ ಗರಿಷ್ಠ ದರ ಬೀಳುತ್ತದೆ.

ನಾವು ಬೆಳಿಗ್ಗೆ ಹತ್ತಕ್ಕೆ ಹೊರಟು, ಮಧ್ಯಾಹ್ನ ರೂಮಿಗೆ ಬಂದು ಮಲಗಿ, ಸಂಜೆ ಮತ್ತೆ ಹೋಗುವವರು. ಯಾವ ಪಾಸ್ ಒಳ್ಳೆಯದು?
— ಕುಂದಾಪುರ

ಯಾವುದೂ ಬೇಡ.

ನೆದರ್‌ಲ್ಯಾಂಡ್ಸ್‌ನಲ್ಲಿ ಎಂಎಸ್ ಓದುತ್ತಿದ್ದೇನೆ, ವಯಸ್ಸು 24. ಅಪ್ಪ ಅಮ್ಮ ಬರುತ್ತಿದ್ದಾರೆ. ಆಮ್‌ಸ್ಟರ್‌ಡ್ಯಾಮ್ ಸಿಟಿ ಕಾರ್ಡ್ ತೆಗೆದುಕೊಳ್ಳಬಹುದೇ? ಅಲ್ಲಿಂದ ಪ್ಯಾರಿಸ್‌ಗೂ ಹೋಗುತ್ತೇವೆ.
— ಐಂಡ್‌ಹೋವನ್

ನಿಮಗೂ ನಿಮ್ಮ ಅಪ್ಪ ಅಮ್ಮನಿಗೂ ಉತ್ತರ ಬೇರೆ ಬೇರೆ. ಅಲ್ಲೇ ವಿಳಾಸ ಇರುವ ನೀವು ವರ್ಷದ ಮ್ಯೂಸಿಯಂಕಾರ್ಟ್ ತೆಗೆದುಕೊಳ್ಳಿ. ಸುಮಾರು 75 ಯೂರೋ, ದೇಶದ ನಾನೂರಕ್ಕೂ ಹೆಚ್ಚು ಮ್ಯೂಸಿಯಂಗಳಿಗೆ ನಡೆಯುತ್ತದೆ. ರೈಕ್ಸ್ ಮ್ಯೂಸಿಯಂ, ವ್ಯಾನ್ ಗೋ ಮ್ಯೂಸಿಯಂಗಳ ಬಿಡಿ ಟಿಕೆಟ್ ತಲಾ 20 ಯೂರೋ ಮೀರಿರುವುದರಿಂದ ನಾಲ್ಕನೆಯ ಭೇಟಿಗೆ ದುಡ್ಡು ತೀರುತ್ತದೆ.

ಅಪ್ಪ ಅಮ್ಮನ ಮಟ್ಟಿಗೆ, ಐ ಆಮ್‌ಸ್ಟರ್‌ಡ್ಯಾಮ್ ಸಿಟಿ ಕಾರ್ಡಿನಲ್ಲಿ ಊರಿನ ಟ್ರಾಮ್, ಮೆಟ್ರೋ, ಬಸ್, ಕಾಲುವೆಯ ದೋಣಿ ವಿಹಾರ, ರೈಕ್ಸ್ ಮ್ಯೂಸಿಯಂ ಬರುತ್ತವೆ. ಎಲ್ಲರೂ ನೋಡಬೇಕೆನ್ನುವ ಎರಡು ಜಾಗಗಳು, ಆನ್ ಫ್ರಾಂಕ್ ಮನೆ ಮತ್ತು ವ್ಯಾನ್ ಗೋ ಮ್ಯೂಸಿಯಂ, ಬರುವುದಿಲ್ಲ. ಹಿರಿಯರು ಬರುವುದು ಆ ಎರಡಕ್ಕಾಗಿಯೇ ಆದರೆ ಕಾರ್ಡ್ ಬಿಡಿ. ಆನ್ ಫ್ರಾಂಕ್ ಮನೆಯ ಟಿಕೆಟ್ ಪ್ರತಿ ಮಂಗಳವಾರ, ಆರು ವಾರ ಮುಂದಿನ ದಿನಗಳಿಗೆ, ಅವರ ವೆಬ್‌ಸೈಟಿನಲ್ಲಿ ಮಾತ್ರ ಬಿಡುತ್ತಾರೆ. ಆ ಮಂಗಳವಾರವನ್ನು ಫೋನಿನಲ್ಲಿ ಅಲಾರಂ ಇಟ್ಟು ಕಾಯಿರಿ.

ಪ್ಯಾರಿಸ್‌ನಲ್ಲಿ ನಿಮಗೊಂದು ಅದೃಷ್ಟವಿದೆ. 26 ವರ್ಷದೊಳಗಿನವರು ಯುರೋಪ್ ಒಕ್ಕೂಟದಲ್ಲಿ ವಾಸಿಸುತ್ತಿದ್ದರೆ, ಪಾಸ್‌ಪೋರ್ಟ್ ಭಾರತದ್ದಾದರೂ, ಲೂವ್ರ್ ಮತ್ತು ಓರ್ಸೇ ಉಚಿತ. ಡಚ್ ವಾಸದ ಪರವಾನಗಿ ಕಾರ್ಡ್ ಮೂಲಪ್ರತಿಯೇ ಕೈಯಲ್ಲಿರಬೇಕು, ಕಾಲೇಜಿನ ಐಡಿ ನಡೆಯದು. ಆರ್ಕ್ ದ ಟ್ರಿಯೋಂಫ್, ಸೇಂಟ್ ಶಾಪೆಲ್‌ಗೆ ಈ ಸೌಲಭ್ಯ ಫ್ರಾನ್ಸಿನಲ್ಲೇ ವಾಸಿಸುವ ವಿದೇಶಿಯರಿಗೆ ಮಾತ್ರ, ಅಲ್ಲಿ ನೀವು ಟಿಕೆಟ್ ತೆಗೆಯಬೇಕು.

ರೋಮಾ ಪಾಸ್ ಕೊಂಡರೆ ಕೊಲೋಸಿಯಂ, ವ್ಯಾಟಿಕನ್ ಎರಡೂ ಆಗುತ್ತದೆಯೇ? ಮೂರು ದಿನ ಇರುತ್ತೇವೆ.
— ಮಂಗಳೂರು

ವ್ಯಾಟಿಕನ್ ಆಗುವುದಿಲ್ಲ. ಅದು ಬೇರೆಯೇ ದೇಶ, ಅದರ ಮ್ಯೂಸಿಯಂ ಟಿಕೆಟ್ ಬೇರೆ: ಟಿಕೆಟ್ 20 ಯೂರೋ, ಆನ್‌ಲೈನ್ ಬುಕಿಂಗ್‌ಗೆ ಮೇಲೆ 5. ಭಾನುವಾರ ರಜೆ, ತಿಂಗಳ ಕೊನೆಯ ಭಾನುವಾರ ಮಾತ್ರ ಉಚಿತವಾಗಿ ತೆರೆದು 12:30ಕ್ಕೆ ಒಳಬಿಡುವುದನ್ನು ನಿಲ್ಲಿಸುತ್ತಾರೆ. ಆ ದಿನದ ಸಾಲು ನೋಡಿದರೆ 25 ಯೂರೋ ಕೊಟ್ಟದ್ದೇ ಒಳ್ಳೆಯದಿತ್ತು ಅನ್ನಿಸುತ್ತದೆ. ಸೇಂಟ್ ಪೀಟರ್ಸ್ ಬೆಸಿಲಿಕಾ ಒಳಗೆ ಹೋಗಲು ದುಡ್ಡಿಲ್ಲ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಚೂಡಿದಾರ್, ಸೀರೆ, ಪ್ಯಾಂಟ್ ಎಲ್ಲಕ್ಕೂ ಅಭ್ಯಂತರವಿಲ್ಲ.

ರೋಮಾ ಪಾಸಿನ ರಚನೆ ಪ್ಯಾರಿಸ್ ಪಾಸಿನಂತಲ್ಲ. 72 ಗಂಟೆಯದರಲ್ಲಿ ನೀವು ಹೋಗುವ ಮೊದಲ ಎರಡು ಜಾಗ ಮಾತ್ರ ಉಚಿತ, 48 ಗಂಟೆಯದರಲ್ಲಿ ಒಂದೇ. ಉಳಿದಲ್ಲಿ ರಿಯಾಯಿತಿ. ಊರೊಳಗಿನ ಬಸ್, ಮೆಟ್ರೋ ಸೇರಿರುತ್ತದೆ, ವಿಮಾನ ನಿಲ್ದಾಣದ ಲಿಯೋನಾರ್ಡೋ ಎಕ್ಸ್‌ಪ್ರೆಸ್ ರೈಲು ಸೇರಿಲ್ಲ. ಮೊದಲ ಎರಡು ಎಂದರೆ ನೀವು ಆರಿಸಿದ ಎರಡಲ್ಲ, ಮೊದಲು ಸ್ಕ್ಯಾನ್ ಆದ ಎರಡು. ದಾರಿಯಲ್ಲಿ ಸಿಕ್ಕ ಚಿಕ್ಕ ಮ್ಯೂಸಿಯಂ ಒಂದಕ್ಕೆ ಹೊಕ್ಕು ಉಚಿತ ಪ್ರವೇಶ ಕಳೆದುಕೊಂಡು, ಆಮೇಲೆ ಕೊಲೋಸಿಯಂನಲ್ಲಿ ದುಡ್ಡು ಕಟ್ಟಬೇಡಿ. ಪಾಸ್ ಇದ್ದರೂ ಕೊಲೋಸಿಯಂಗೆ ಸಮಯ ಕಾಯ್ದಿರಿಸಲೇಬೇಕು. ಬಿಡಿ ಟಿಕೆಟ್ 18 ಯೂರೋ, ಅದರಲ್ಲೇ ರೋಮನ್ ಫೋರಂ, ಪ್ಯಾಲಟೈನ್ ಬೆಟ್ಟವೂ ಬರುತ್ತವೆ. 30 ದಿನ ಮುಂಚೆ ಮಾರಾಟ ಶುರು. ಟಿಕೆಟ್‌ನಲ್ಲಿ ಹೆಸರಿರುತ್ತದೆ, ಪಾಸ್‌ಪೋರ್ಟಿನಲ್ಲಿದ್ದಂತೆ ಬರೆಯಿರಿ. ನಮ್ಮಲ್ಲಿ ಇನಿಷಿಯಲ್ ಮುಂದೋ ಹಿಂದೋ ಎಂಬ ಗೊಂದಲ ಇರುವುದರಿಂದ ಈ ಎಚ್ಚರಿಕೆ.

ಊರ ನಡುವೆ ಉಳಿದುಕೊಂಡು ನಡೆದೇ ಸುತ್ತುವವರಿಗೆ ರೋಮಾ ಪಾಸ್ ಅಗತ್ಯವಿಲ್ಲ. ಪ್ಯಾಂಥಿಯನ್ 2023ರ ಜುಲೈಯಿಂದ 5 ಯೂರೋ, ಚೌಕಗಳು, ಚರ್ಚುಗಳು ಹೆಚ್ಚಿನವು ಉಚಿತ. ಊರಾಚೆ ಹೋಟೆಲ್ ಹಿಡಿದು ದಿನಕ್ಕೆ ನಾಲ್ಕು ಸಲ ಬಸ್ ಹತ್ತುವವರು ಲೆಕ್ಕ ಹಾಕಿ ನೋಡಬಹುದು.

ಸ್ವಿಟ್ಜರ್‌ಲ್ಯಾಂಡಿನಲ್ಲಿ ಲೂಸರ್ನ್ ಮತ್ತು ಇಂಟರ್‌ಲಾಕೆನ್ ಎರಡೇ ಊರು, ಆರು ದಿನ. ಸ್ವಿಸ್ ಟ್ರಾವೆಲ್ ಪಾಸೋ, ಹಾಫ್ ಫೇರ್ ಕಾರ್ಡೋ?
— ಬೆಳಗಾವಿ

ಎರಡೇ ಊರು, ಜೊತೆಗೆ ಅಲ್ಲಿಗೆ ಹೋದವರು ಬಿಡದ ಯುಂಗ್‌ಫ್ರೌ ಶಿಖರದ ರೈಲು ಅಂದರೆ ಹಾಫ್ ಫೇರ್ ಕಾರ್ಡ್ ಕಡೆಗೇ ತಕ್ಕಡಿ ವಾಲುತ್ತದೆ. ಕಾರಣ ಇಷ್ಟೆ: ಟ್ರಾವೆಲ್ ಪಾಸಿನಲ್ಲಿ ಗ್ರಿಂಡೆಲ್‌ವಾಲ್ಡ್ ಅಥವಾ ವೆಂಗೆನ್ ತನಕ ಮಾತ್ರ ಉಚಿತ, ಅಲ್ಲಿಂದ ಮೇಲಿನ ಕೊನೆಯ ನಿಲ್ದಾಣ ಯುಂಗ್‌ಫ್ರೌಯೋಖ್‌ಗೆ 25 ಪ್ರತಿಶತ ರಿಯಾಯಿತಿ. ಹಾಫ್ ಫೇರ್ ಕಾರ್ಡಿನಲ್ಲಿ ಪೂರ್ತಿ ದಾರಿಗೆ ಅರ್ಧ ದರ. ಇಂಟರ್‌ಲಾಕೆನ್‌ನಿಂದ ಮೇಲೆ ಹೋಗಿ ಬರುವ ಪೂರ್ಣ ದರ ಬೇಸಿಗೆಯಲ್ಲಿ 200 ಫ್ರಾಂಕ್ ಮೀರುವುದರಿಂದ ಈ ವ್ಯತ್ಯಾಸ ಸಣ್ಣದಲ್ಲ. ಟಿಟ್ಲಿಸ್ ಬೆಟ್ಟಕ್ಕೆ ಎರಡರಲ್ಲೂ ಅರ್ಧ. ರಿಗಿ ಬೆಟ್ಟವಾದರೆ ಪಾಸಿನಲ್ಲಿ ಪೂರ್ತಿ ಉಚಿತ. ದಿನಕ್ಕೊಂದು ಊರು ಬದಲಿಸುತ್ತ, ಸರೋವರದ ಹಡಗು ಹತ್ತುತ್ತ ಹೋಗುವವರಿಗೆ ಪಾಸ್ ಸರಿ. 6ರಿಂದ 15 ವರ್ಷದ ಮಕ್ಕಳಿದ್ದರೆ ಕೊಳ್ಳುವಾಗಲೇ ಫ್ಯಾಮಿಲಿ ಕಾರ್ಡ್ ಕೇಳಿ, ಅಪ್ಪನೋ ಅಮ್ಮನೋ ಜೊತೆಗಿದ್ದರೆ ಅವರಿಗೆ ಉಚಿತ.

ಊರೊಳಗಿನ ಬಸ್ಸಿಗೆ ಏನೂ ಕೊಳ್ಳಬೇಡಿ. ಲೂಸರ್ನ್, ಇಂಟರ್‌ಲಾಕೆನ್ ಎರಡೂ ಕಡೆ ಹೋಟೆಲಿನಲ್ಲಿ ತಂಗಿದವರಿಗೆ ಅತಿಥಿ ಕಾರ್ಡ್ ಸಿಗುತ್ತದೆ, ಸ್ಥಳೀಯ ಬಸ್ ಅದರಲ್ಲೇ ಆಗುತ್ತದೆ. ರಿಸೆಪ್ಷನ್‌ನಲ್ಲಿ ತಾವಾಗಿ ಕೊಡದಿದ್ದರೆ ಕೇಳಿ ಪಡೆಯಿರಿ.

ಪಾಸನ್ನು ಇಲ್ಲಿಂದಲೇ ಕೊಳ್ಳಬೇಕೇ, ಅಲ್ಲಿ ಹೋಗಿಯೇ? ಕಾರ್ಡಿನಲ್ಲಿ ಕಟ್ಟಿದರೆ ಹೆಚ್ಚು ಕಡಿತವಾಗುತ್ತದಂತೆ.
— ದಾವಣಗೆರೆ

ಸ್ಲಾಟ್ ಹಿಡಿಯಬೇಕಾದ ಊರುಗಳಿಗೆ ಇಲ್ಲಿಂದಲೇ, ಬೇರೆಡೆ ಅಲ್ಲಿ ಹೋಗಿ. ಕೊಳ್ಳುವುದು ಅಧಿಕೃತ ವೆಬ್‌ಸೈಟಿನಲ್ಲೇ ಇರಲಿ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಕೊಂಡಿಗಳು ಹೆಚ್ಚಾಗಿ ಮರುಮಾರಾಟಗಾರರದು, ಅದೇ ಟಿಕೆಟಿಗೆ ಸೇವಾ ಶುಲ್ಕ ಸೇರಿಸುತ್ತಾರೆ, ರದ್ದು ಮಾಡುವ ನಿಯಮವೂ ಬೇರೆ.

ಕಡಿತದ ವಿಷಯ ನಿಜ. ನಮ್ಮ ಬಹುತೇಕ ಕ್ರೆಡಿಟ್ ಕಾರ್ಡ್‌ಗಳು ವಿದೇಶಿ ಹಣದ ವ್ಯವಹಾರಕ್ಕೆ 2ರಿಂದ 3.5 ಪ್ರತಿಶತ ಮಾರ್ಕಪ್ (ಹೆಚ್ಚುವರಿ ಶುಲ್ಕ) ಹಾಕುತ್ತವೆ, ಅದರ ಮೇಲೆ ಜಿಎಸ್‌ಟಿ. ಪಾವತಿಯ ಪುಟ 'ರೂಪಾಯಿಯಲ್ಲಿ ಕಟ್ಟುತ್ತೀರಾ' ಎಂದು ಕೇಳಿದರೆ ಬೇಡ ಅನ್ನಿ, ಯೂರೋ ಅಥವಾ ಪೌಂಡಿನಲ್ಲೇ ಕಟ್ಟಿ. ರೂಪಾಯಿ ಆರಿಸಿದರೆ ಅವರ ವಿನಿಮಯ ದರ ಬೀಳುತ್ತದೆ, ಅದು ಸಾಮಾನ್ಯವಾಗಿ ದುಬಾರಿ. ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿರಬೇಕು. ಅದು ಆಫ್ ಇದ್ದು ಪಾವತಿ ವಿಫಲವಾಗುವಷ್ಟರಲ್ಲಿ ಸ್ಲಾಟ್ ಬೇರೆಯವರ ಪಾಲಾಗಿರುತ್ತದೆ. ಬಂದ ಕ್ಯೂಆರ್ ಕೋಡ್‌ಗಳ ಸ್ಕ್ರೀನ್‌ಶಾಟ್ ಪ್ರತಿಯೊಬ್ಬರ ಫೋನಿನಲ್ಲೂ ಇರಲಿ, ಒಂದು ಪ್ರಿಂಟ್ ಕೂಡ. ಒಬ್ಬರ ಫೋನಿನ ಚಾರ್ಜ್ ಮುಗಿದು ಮನೆಮಂದಿಯೆಲ್ಲ ಗೇಟಿನ ಹೊರಗೆ ನಿಲ್ಲುವುದು ಬೇಡ.

ಡಲ್ಲಾಸ್‌ನಲ್ಲಿ ನೆಲೆಸಿದ್ದೇವೆ, ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದೆ. ಡಿಸೆಂಬರ್‌ನಲ್ಲಿ ಜೈಪುರ, ಆಮೇಲೆ ಹಂಪಿ. ನಮ್ಮಲ್ಲೂ ಇಂಥ ಪಾಸ್ ಇದೆಯೇ? ವಿದೇಶಿಯರ ದರ ಕಟ್ಟಬೇಕೇ?
— ಡಲ್ಲಾಸ್, ಅಮೆರಿಕ

ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಓಸಿಐ ಕಾರ್ಡ್ ಇದ್ದವರಿಗೆ ಭಾರತೀಯರದೇ ದರ. ಹಂಪಿಯಲ್ಲಿ ಅದು 40 ರೂಪಾಯಿ, ವಿದೇಶಿಯರಿಗೆ 600, 15 ವರ್ಷದೊಳಗಿನವರಿಗೆ ಇಲ್ಲ. ಮೂಲ ಕಾರ್ಡ್ ಕೈಯಲ್ಲಿರಲಿ, ಅಮೆರಿಕದ ಪಾಸ್‌ಪೋರ್ಟ್ ಮಾತ್ರ ತೋರಿಸಿದರೆ ಕೌಂಟರಿನಲ್ಲಿ 600ರ ಟಿಕೆಟೇ ಹರಿಯುತ್ತಾರೆ.

ಜೈಪುರದಲ್ಲಿ ರಾಜಸ್ಥಾನ ಸರ್ಕಾರದ ಸಂಯುಕ್ತ ಟಿಕೆಟ್ ಇದೆ. ಆಮೇರ್ ಕೋಟೆ, ಹವಾ ಮಹಲ್, ಜಂತರ್ ಮಂತರ್, ನಾಹರ್‌ಗಢ, ಆಲ್ಬರ್ಟ್ ಹಾಲ್ ಜೊತೆಗೆ ಒಂದೆರಡು ತೋಟಗಳು, ಎರಡು ದಿನ ನಡೆಯುತ್ತದೆ. ಸಿಟಿ ಪ್ಯಾಲೇಸ್ ಮತ್ತು ಜೈಗಢ ರಾಜಮನೆತನದ ಕೈಯಲ್ಲಿರುವುದರಿಂದ ಇದರಲ್ಲಿ ಇಲ್ಲ. ಹವಾ ಮಹಲಿನಿಂದ ನಾಲ್ಕು ಹೆಜ್ಜೆ ಅಂತ ಸಿಟಿ ಪ್ಯಾಲೇಸ್ ಗೇಟಿಗೆ ಹೋಗಿ ಅದೇ ಟಿಕೆಟ್ ತೋರಿಸುವವರು ದಿನವೂ ಇರುತ್ತಾರೆ. ಹವಾ ಮಹಲನ್ನು ರಸ್ತೆಯಿಂದಷ್ಟೇ ನೋಡಿ, ಒಳಗೆ ಆಮೇರ್ ಒಂದೇ ಸಾಕು ಅನ್ನುವವರು ಬಿಡಿ ಟಿಕೆಟ್ ತೆಗೆಯಿರಿ.

ಹಂಪಿಯಲ್ಲಿ ಪಾಸ್ ಎಂಬ ಹೆಸರಿಲ್ಲ, ಆದರೆ ಕೆಲಸ ಅದೇ. ವಿಜಯ ವಿಠ್ಠಲ ದೇವಾಲಯದಲ್ಲಿ ಕೊಂಡ ಟಿಕೆಟ್ ಅದೇ ದಿನ ಕಮಲ ಮಹಲ್, ಗಜಶಾಲೆ ಇರುವ ಜನಾನಾ ಆವರಣಕ್ಕೂ, ಕಮಲಾಪುರದ ಮ್ಯೂಸಿಯಂಗೂ ನಡೆಯುತ್ತದೆ. 'ಅದೇ ದಿನ' ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಸಂಜೆಯ ಬೆಳಕಿಗೆ ವಿಠ್ಠಲ ನೋಡಿ, ಮರುದಿನ ಬೆಳಿಗ್ಗೆ ಜನಾನಾಕ್ಕೆ ಹೋದರೆ ಮತ್ತೆ ಟಿಕೆಟ್. ಬೆಳಿಗ್ಗೆ ಬೇಗ ವಿಠ್ಠಲ, ಬಿಸಿಲೇರಿದ ಮೇಲೆ ಕಮಲಾಪುರದ ಮ್ಯೂಸಿಯಂ, ಮಧ್ಯಾಹ್ನದ ನಂತರ ಜನಾನಾ ಇಟ್ಟುಕೊಳ್ಳಿ. ಮ್ಯೂಸಿಯಂಗೆ ಶುಕ್ರವಾರ ರಜೆ. ವಿಠ್ಠಲದ ತನಕದ ಬ್ಯಾಟರಿ ಗಾಡಿಗೆ ಬೇರೆ ದುಡ್ಡು, ದಾರಿ ಒಂದು ಕಿಲೋಮೀಟರ್ ಆಸುಪಾಸು, ಡಿಸೆಂಬರ್ ಬೆಳಿಗ್ಗೆ ನಡೆದೇ ಹೋಗಬಹುದು. ಹಜಾರ ರಾಮ, ರಾಣಿಯರ ಸ್ನಾನಗೃಹ, ಉಗ್ರ ನರಸಿಂಹ, ಹೇಮಕೂಟ ಇವಕ್ಕೆ ಟಿಕೆಟ್ ಇಲ್ಲ, ಅವನ್ನು ಎರಡನೆಯ ದಿನಕ್ಕೆ ಉಳಿಸಿಕೊಳ್ಳಿ.